ಎಣ್ಣೆ ಬಾಟಲು, ಕೀಬೋರ್ಡು ಮತ್ತು ನಮ್ಮ ಸಭೆ: ಸುಳ್ಳು ಬೋಧನೆ ಒಳಗೆ ಬರದಂತೆ ಕಾಯೋದು ಹೇಗೆ?

ನಿಟ್ಟುವಳ್ಳಿ ಸೆಕ್ರೆಟರಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ವಂದನೆ. ದಾವಣಗೆರೆಯ ಒಂದು ಸಣ್ಣ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಕಮಿಟಿಯಲ್ಲಿದ್ದೇನೆ. ಭಾನುವಾರ ಎಂಬತ್ತು ಜನ ಸೇರಿದರೆ ಅವತ್ತು ಜಾಸ್ತಿ. ಸಭೆಯ ಹೆಸರು ಹೇಳೋದಿಲ್ಲ. ನಾನು ಹೇಳಲು ಹೊರಟಿರುವ ಬೋಧಕ ಬ್ರದರ್ ಹೆಸರೂ ಬೇಡ. ಹೆಸರು ಬಂದರೆ ವಿಷಯ ಬಿಟ್ಟು ಜಗಳ ಶುರುವಾಗುತ್ತೆ.

ಹೋದ ವರ್ಷ ಈಸ್ಟರ್ ಆದ ಮೇಲೆ ಈ ಬ್ರದರ್ ನಮ್ಮವರ ಒಂದು ಮನೆ ಪ್ರಾರ್ಥನೆಗೆ ಬಂದರು. ಒಳ್ಳೇ ಕಂಠ, ಜೇನಿನಂಥ ಮಾತು. ಎರಡು ತಿಂಗಳಲ್ಲಿ ಶುಕ್ರವಾರದ ಉಪವಾಸ ಪ್ರಾರ್ಥನೆ ಆ ಮನೆಯಲ್ಲೇ ಕಾಯಂ ಆಯಿತು. ಆಮೇಲೆ ಸಭೆಗೆ ಒಂದು ಕೀಬೋರ್ಡ್, ಎರಡು ಸ್ಪೀಕರ್ ಕೊಡಿಸಿದರು. ನಾವು ಹಿಂದೆ ಮುಂದೆ ನೋಡದೆ ತಗೊಂಡೆವು. ತಗೊಂಡ ಮೇಲೆ ಪ್ರಸಂಗಕ್ಕೆ ಕರೆಯದೆ ಇರೋದು ಹೇಗೆ? ಒಂದು ಭಾನುವಾರ ಪೀಠ ಬಿಟ್ಟುಕೊಟ್ಟೆವು. ಅವತ್ತು ಮಾತಾಡಿದ್ದು 'ಬೀಜ ಕಾಣಿಕೆ' ಬಗ್ಗೆ. ಸಾವಿರ ಬಿತ್ತಿದವರಿಗೆ ಲಕ್ಷದ ಬೆಳೆಯಂತೆ. ಆರಾಧನೆ ಮುಗಿದ ಮೇಲೆ ಒಬ್ಬರೂ ತಕರಾರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ನಡೆದದ್ದು ಕೇಳಿ. ನಮ್ಮ ಸಭೆಯ ಒಬ್ಬ ಆಂಟಿಗೆ ಹದಿನೈದು ವರ್ಷದಿಂದ ಶುಗರ್, ಇನ್ಸುಲಿನ್ ತಗೊಳ್ತಾರೆ. ಸೂಜಿ ಚುಚ್ಚಿಕೊಳ್ಳೋದು ಅಪನಂಬಿಕೆ ಅಂತ ಹೇಳಿ ಬ್ರದರ್ ಒಂದು ಎಣ್ಣೆ ಕೊಟ್ಟಿದ್ದಾರೆ. ಒಂಬತ್ತು ದಿನ ಅವರು ಇನ್ಸುಲಿನ್ ಬಿಟ್ಟರು. ಹತ್ತನೇ ದಿನ ವಾಂತಿ, ಸುಸ್ತು, ಆಸ್ಪತ್ರೆ. ನೋಡಲು ಹೋದಾಗ ಮಗಳು ಚೀಲದಿಂದ ಬಾಟಲು ತೆಗೆದು ಕೈಗೆ ಕೊಟ್ಟಳು. ಅಂಗಡಿಯಲ್ಲಿ ಸಿಗೋ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲು. ಮೇಲೆ ಕೆಂಪು ಸ್ಟಿಕ್ಕರ್, ಅದರಲ್ಲಿ ಒಂದು ಬೈಬಲ್ ವಚನ. ಸ್ಟಿಕ್ಕರ್ ಸರಿಯಾಗಿ ಅಂಟಿರಲಿಲ್ಲ. ಅಂಚಿನಲ್ಲಿ ಹಳೇ ಲೇಬಲ್ಲಿನ ತೆಂಗಿನ ಗರಿ ಇಣುಕುತ್ತಿತ್ತು. 500 ರೂಪಾಯಿ. ಮಾರಾಟ ಅಲ್ಲವಂತೆ, 'ಕಾಣಿಕೆ'ಯಂತೆ.

ಆಂಟಿ ಈಗ ಮನೆಗೆ ಬಂದಿದ್ದಾರೆ. ನನ್ನ ಪ್ರಶ್ನೆ ಇಷ್ಟೇ. ಹೊರಗಿನವರನ್ನು ಪೀಠಕ್ಕೆ ಬಿಡೋದಕ್ಕೆ ನಿಮ್ಮ ಸಭೆಗಳಲ್ಲಿ ಏನು ನಿಯಮ ಇದೆ? ಆ ಕೀಬೋರ್ಡ್ ಏನು ಮಾಡಬೇಕು?

ನರ್ಸಕ್ಕ · ಸೋಮವಾರ ರಾತ್ರಿ 10:15

ಮೊದಲು ಆಂಟಿ ವಿಷಯ, ಆಮೇಲೆ ಕೀಬೋರ್ಡು. ಇನ್ಸುಲಿನ್ ಮೇಲಿರುವವರು ತಾವಾಗಿ ನಿಲ್ಲಿಸಬಾರದು. ಟೈಪ್ 1 ಆಗಿದ್ದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಕುತ್ತು ಬರುತ್ತೆ. ಟೈಪ್ 2 ಅಂದರೆ ಸ್ವಲ್ಪ ಟೈಮ್ ಸಿಗುತ್ತೆ, ಅಷ್ಟೇ. ಈ 'ಸ್ವಲ್ಪ ಟೈಮ್' ಇದೆಯಲ್ಲ, ಅದೇ ಮೋಸ. ಮೊದಲ ಮೂರು ದಿನ ಏನೂ ಆಗೋದಿಲ್ಲ. 'ನೋಡಿ, ಎಣ್ಣೆ ಕೆಲಸ ಮಾಡ್ತಿದೆ' ಅಂತ ಸಾಕ್ಷಿ ಹೇಳಿಸಿಬಿಡ್ತಾರೆ. ಹತ್ತನೇ ದಿನ ವಾರ್ಡಿಗೆ ಬಂದಾಗ ಸಾಕ್ಷಿ ಹೇಳಿಸಿದವರು ಇರೋದಿಲ್ಲ, ನಾವಿರ್ತೀವಿ.

ಇನ್ನೊಂದು ಮಾತು. ಶುಗರ್, ಮೂರ್ಛೆ, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಪಾಂಪ್ಲೆಟ್ ಹಂಚೋದು 1954ರಿಂದಲೇ ಕಾನೂನಿಗೆ ವಿರುದ್ಧ. ಆ ಕಾನೂನಿನಲ್ಲಿ ತಾಯತ, ಮಂತ್ರ ಕೂಡ ಬರುತ್ತೆ. ವಚನ ಅಂಟಿಸಿದರೆ ವಿನಾಯಿತಿ ಸಿಗುತ್ತೆ ಅಂದುಕೊಂಡಿದ್ದಾರೋ ಏನೋ.

ನಾನೂ ಪ್ರಾರ್ಥನೆ ಮಾಡುವವಳೇ. ನೈಟ್ ಡ್ಯೂಟಿಯಲ್ಲಿ ಪ್ರಾರ್ಥಿಸುತ್ತಲೇ ಸೂಜಿ ಚುಚ್ಚುತ್ತೇನೆ. ಎರಡೂ ಒಟ್ಟಿಗೆ ಆಗುತ್ತೆ.

ದುರ್ಗದ ಮೇಷ್ಟ್ರು · ಮಂಗಳವಾರ ಬೆಳಗ್ಗೆ 6:05

ಸೆಕ್ರೆಟರಿಯವರೇ, ನಿಮಗೆ ಆಗಿರುವುದು ಹೊಸದಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ತೆಗೆಯಿರಿ. ಅಪೊಸ್ತಲ ಪೌಲ ಎಫೆಸದ ಸಭೆಯ ಹಿರಿಯರನ್ನು ಮಿಲೇತ ಊರಿಗೆ ಕರೆಸಿ ಕೊನೇ ಮಾತು ಹೇಳುತ್ತಾನೆ. ನಾನು ಹೋದ ಮೇಲೆ ತೋಳಗಳು ನುಗ್ಗುತ್ತವೆ ಅನ್ನುತ್ತಾನೆ. ಅಷ್ಟಕ್ಕೇ ನಿಲ್ಲಿಸೋದಿಲ್ಲ. ನಿಮ್ಮೊಳಗಿಂದಲೇ ಕೆಲವರು ಎದ್ದು ಜನರನ್ನು ತಮ್ಮ ಹಿಂದೆ ಎಳೆದುಕೊಳ್ಳುತ್ತಾರೆ ಅನ್ನುತ್ತಾನೆ. ನಾವು ತೋಳದ ವಚನವನ್ನು ಜೋರಾಗಿ ಓದುತ್ತೇವೆ, ಅದರ ಮುಂದಿನದನ್ನು ಮೆಲ್ಲಗೆ ದಾಟುತ್ತೇವೆ.

ಪೀಠದ ನಿಯಮ ಕೇಳಿದಿರಿ. ಹೊಸ ಒಡಂಬಡಿಕೆ ಮುಗಿದು ಹೆಚ್ಚು ಕಾಲ ಆಗಿರದ ಹೊತ್ತಿನ ಒಂದು ಸಣ್ಣ ಕೈಪಿಡಿ ಇದೆ, ದಿದಖೆ ಅಂತ. ಅದರ ಪೂರ್ತಿ ಪ್ರತಿ ಇಸ್ತಾಂಬುಲಿನ ಒಂದು ಗ್ರಂಥಾಲಯದಲ್ಲಿ 1873ರಲ್ಲಿ ಸಿಕ್ಕಿತು. ಊರೂರು ತಿರುಗುವ ಬೋಧಕರ ಬಗ್ಗೆ ಅದರಲ್ಲಿ ಬರೆದದ್ದು ಓದಿದರೆ ನಗು ಬರುತ್ತೆ, ಅಷ್ಟು ನೇರ. ಬಂದವನನ್ನು ಕರ್ತನನ್ನೇ ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಿ. ಒಂದು ದಿನ ಇರಲಿ, ಬೇಕಾದರೆ ಎರಡು. ಮೂರನೇ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಊರಲ್ಲೇ ನೆಲೆಸಬೇಕು ಅಂದರೆ ಕಸುಬು ಮಾಡಿ ಉಣ್ಣಲಿ. ಇಷ್ಟಕ್ಕೆ ದೇವಶಾಸ್ತ್ರದ ಪದವಿ ಬೇಕಿಲ್ಲ ನೋಡಿ.

ಕೀಬೋರ್ಡಿಗೂ ಉತ್ತರ ಇದೆ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಅನ್ನುವ ಹಡಗಿನ ವ್ಯಾಪಾರಿ ರೋಮಿನ ಸಭೆಗೆ ಸೇರಿದ. ಬರುವಾಗ 2,00,000 ಸೆಸ್ಟರ್ಸ್ (ರೋಮಿನ ನಾಣ್ಯ) ಕಾಣಿಕೆ ತಂದ. ದೊಡ್ಡ ಮೊತ್ತ. ಆಮೇಲೆ ಹಳೇ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂತ ಕಲಿಸಲು ಶುರುಮಾಡಿದ. ಲೂಕನ ಸುವಾರ್ತೆಯನ್ನು ಕತ್ತರಿಸಿ ಇಟ್ಟುಕೊಂಡ, ಪೌಲನ ಹತ್ತು ಪತ್ರ ಸಾಕು ಅಂದ. 144ರ ಸುಮಾರಿಗೆ ಸಭೆ ಅವನನ್ನು ಹೊರಗೆ ಹಾಕಿತು. ಹಾಕುವಾಗ ಆ ದುಡ್ಡನ್ನೂ ಕೈಗೆ ಕೊಟ್ಟು ಕಳಿಸಿತು.

ನಮ್ಮ ಕೋಟೆಯ ಮಾತು ಹೇಳದೆ ಹೇಗಿರಲಿ? ಏಳು ಸುತ್ತಿನ ಕೋಟೆ, ಬಾಗಿಲಿಗೆಲ್ಲ ಕಾವಲು. ಶತ್ರು ಬಂದದ್ದು ಕಿಂಡಿಯಲ್ಲಿ. ಕಿಂಡಿಯ ಕಾವಲುಗಾರ ಊಟಕ್ಕೆ ಹೋಗಿದ್ದ. ಪ್ರಸಂಗಪೀಠ ನಿಮ್ಮ ಹೆಬ್ಬಾಗಿಲು. ಶುಕ್ರವಾರದ ಮನೆ ಪ್ರಾರ್ಥನೆ ನಿಮ್ಮ ಕಿಂಡಿ.

ಚಳ್ಳಕೆರೆ ಹುಡುಗ · ಮಂಗಳವಾರ ಬೆಳಗ್ಗೆ 8:30

ದುರ್ಗದವರು ಓಬವ್ವನನ್ನು ಕರೆಯದೆ ಚರ್ಚೆ ಮುಗಿಸಿದ್ದುಂಟಾ ಮೇಷ್ಟ್ರೇ 😄

ಆದರೆ ನನಗೊಂದು ಸಿಟ್ಟಿದೆ, ಹೇಳಿಬಿಡ್ತೀನಿ. ಎಣ್ಣೆ ವಿಷಯ ತಪ್ಪು, ಒಪ್ಪಿದೆ. ಇನ್ಸುಲಿನ್ ಬಿಡಿಸಿದ್ದಂತೂ ಅನ್ಯಾಯ. ಆದರೆ 'ಸುಳ್ಳು ಬೋಧನೆ' ಅನ್ನೋ ಮಾತನ್ನು ನಮ್ಮ ಹಿರಿಯರು ಹೇಗೆ ಬಳಸ್ತಾರೆ ಗೊತ್ತಾ? ಚಪ್ಪಾಳೆ ತಟ್ಟಿದರೆ ಸುಳ್ಳು ಬೋಧನೆ. ಡ್ರಮ್ ತಂದರೆ ಸುಳ್ಳು ಬೋಧನೆ. ಕಮಿಟಿಯ ಲೆಕ್ಕ ಕೇಳಿದರೆ ದೊಡ್ಡ ಸುಳ್ಳು ಬೋಧನೆ! ಚುನಾವಣೆ ಬಂದಾಗ ಎದುರು ಪಾರ್ಟಿಯವರೆಲ್ಲ ತೋಳಗಳು.

1906ರಲ್ಲಿ ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಲ್ಲಿ ವಿಲಿಯಂ ಸೀಮೋರ್ ಅನ್ನುವ ಕಪ್ಪು ಜನಾಂಗದ ಪಾಸ್ಟರ್ ಪ್ರಾರ್ಥನೆ ಶುರುಮಾಡಿದಾಗ ಪೇಪರಿನವರೂ ಬೇರೆ ಸಭೆಯವರೂ ಹುಚ್ಚು ಅಂತಲೇ ಬರೆದರು. ಆ ಪ್ರಾರ್ಥನೆಯಿಂದ ಹಬ್ಬಿ ಇವತ್ತು ಲೋಕದ ತುಂಬ ಪೆಂಟೆಕೋಸ್ಟ್ ಸಭೆಗಳಿವೆ. ಜೋರು ದನಿಗೂ ಸುಳ್ಳಿಗೂ ವ್ಯತ್ಯಾಸ ತಿಳಿಯದವರು ಕಾವಲಿಗೆ ನಿಂತರೆ ಕುರಿಯನ್ನೂ ಹೊಡೆದು ಹಾಕ್ತಾರೆ.

ದುರ್ಗದ ಮೇಷ್ಟ್ರು · ಮಂಗಳವಾರ ಬೆಳಗ್ಗೆ 9:10

ಒಪ್ಪಿದೆ ತಮ್ಮ. ನನ್ನ ಕಾಲದಲ್ಲಿ ಗಿಟಾರ್ ತಂದ ಹುಡುಗನನ್ನು ಒಂದು ವರ್ಷ ಹಾಡೋಕೆ ಬಿಡಲಿಲ್ಲ. ಬಿಡದವರಲ್ಲಿ ನಾನೂ ಒಬ್ಬ.

ಅದಕ್ಕೇ ಅಳತೆಗೋಲು ನಮ್ಮ ಇಷ್ಟಾನಿಷ್ಟ ಆಗಬಾರದು. 325ರಲ್ಲಿ ನೈಸಿಯಾದಲ್ಲಿ ಬಿಷಪ್‌ಗಳು ಕೂತಾಗ ವಾದ ನಡೆದದ್ದು ರಾಗದ ಬಗ್ಗೆ ಅಲ್ಲ. ಕ್ರಿಸ್ತನು ದೇವರೋ, ದೇವರು ಮಾಡಿದ ಒಂದು ಸೃಷ್ಟಿಯೋ ಅನ್ನುವುದರ ಬಗ್ಗೆ. ಸೃಷ್ಟಿ ಅಂದವನು ಅಲೆಕ್ಸಾಂಡ್ರಿಯದ ಅರಿಯಸ್. ಅವನು ತನ್ನ ಮಾತನ್ನು ಹಾಡು ಕಟ್ಟಿ ಬಿಟ್ಟಿದ್ದನಂತೆ. ನಾವಿಕರಿಗೆ ಒಂದು, ಬೀಸುವವರಿಗೆ ಒಂದು, ದಾರಿ ನಡೆಯುವವರಿಗೆ ಒಂದು. ಈಗಿನ ವಾಟ್ಸ್ಯಾಪ್ ಸ್ಟೇಟಸ್ ಅದೇ ಅಲ್ವಾ. ಹಾಗಾಗಿ ಡ್ರಮ್ ಬಾರಿಸು, ಆದರೆ ಹಾಡಿನ ಸಾಲು ಏನು ಹೇಳುತ್ತೆ ಅಂತ ಒಮ್ಮೆ ಓದು.

ಹರಿಹರದವನು · ಮಂಗಳವಾರ ಮಧ್ಯಾಹ್ನ 1:20

ನಾನು ಕ್ಯಾಥೊಲಿಕ್, ಆರೋಗ್ಯಮಾತೆ ದೇವಾಲಯದ ಹತ್ತಿರದವನು. ನಮ್ಮಲ್ಲಿ ಹೊರಗಿನ ಗುರುಗಳು ಬಂದು ಧ್ಯಾನಕೂಟ ನಡೆಸಬೇಕಾದರೆ ಧರ್ಮಾಧ್ಯಕ್ಷರ (ಬಿಷಪ್) ಒಪ್ಪಿಗೆ ಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ತವೆ, ಹಾಗಾಗಿ ಕೇಳೋ ಬಾಗಿಲು ಒಂದೇ. ಪೀಠದ ಮಟ್ಟಿಗೆ ಇದು ಕೆಲಸ ಮಾಡುತ್ತೆ.

ಫೋನಿನ ಮಟ್ಟಿಗೆ ಮಾಡೋದಿಲ್ಲ. ನಮ್ಮಮ್ಮನಿಗೆ ದಿನಾ ಬರುತ್ತೆ: 'ಈ ಪ್ರಾರ್ಥನೆಯನ್ನು ಒಂಬತ್ತು ಜನಕ್ಕೆ ಕಳಿಸಿ, ಕಳಿಸದಿದ್ದರೆ ಅಶುಭ.' ಅಮ್ಮ ಹೆದರಿ ಕಳಿಸ್ತಾರೆ. ಧರ್ಮಾಧ್ಯಕ್ಷರ ಸಹಿ ವಾಟ್ಸ್ಯಾಪಿಗೆ ತಾಕೋದಿಲ್ಲ. ಸೆಪ್ಟೆಂಬರ್ ಹಬ್ಬಕ್ಕೆ ಬರೋ ಜನರಲ್ಲಿ ನಿಮ್ಮ ಸಭೆಯವರೂ ಇರ್ತಾರೆ, ಯಾವ ಸಭೆಗೂ ಸೇರದವರೂ ಇರ್ತಾರೆ. ಕಾಯಿಲೆ ಬಂದವರು ಬೋರ್ಡ್ ನೋಡಿ ಬರೋದಿಲ್ಲ.

ನಿಟ್ಟುವಳ್ಳಿ ಸೆಕ್ರೆಟರಿ · ಮಂಗಳವಾರ ರಾತ್ರಿ 10:00

ತುಂಬಾ ಉಪಕಾರ. ಇಷ್ಟು ಬರೆದಿಟ್ಟಿದ್ದೇನೆ, ನೋಡಿ. ಹೊರಗಿನವರು ಪ್ರಸಂಗ ಮಾಡಬೇಕಾದರೆ ಅವರ ಸಭೆಯಿಂದ ಪತ್ರ ತರಬೇಕು. ಅಯ್ಯನವರೂ (ನಮ್ಮ ಪಾಸ್ಟರ್) ಇಬ್ಬರು ಹಿರಿಯರೂ ಮೊದಲೇ ಮಾತಾಡಿಸಬೇಕು. ಸಭೆಯ ಕಾಣಿಕೆ ಬಿಟ್ಟು ಬೇರೆ ದುಡ್ಡು ಯಾರೂ ಎತ್ತುವಂತಿಲ್ಲ. ಮನೆ ಪ್ರಾರ್ಥನೆಗೆ ಸಭೆಯ ಒಬ್ಬ ಹಿರಿಯರು ಇರಲೇಬೇಕು. ಔಷಧಿ ಬಿಡಿ ಅಂತ ಹೇಳಿದವರಿಗೆ ಮತ್ತೆ ಅವಕಾಶ ಇಲ್ಲ. ಎಣ್ಣೆ, ನೀರು, ಬಟ್ಟೆ ಹಂಚುವಂತಿಲ್ಲ. ಬ್ರದರ್‌ಗೆ ಶುಕ್ರವಾರ ಮನೆ ಕೊಟ್ಟವರು ಒಪ್ಪದಿದ್ದರೆ ಅವರ ಸದಸ್ಯತ್ವ ರದ್ದು ಮಾಡೋಣ ಅಂತ ಕೆಲವರು ಹೇಳ್ತಿದ್ದಾರೆ. ಬೈಬಲಿನ ಯಾಕೋಬನ ಪತ್ರ 5ರಲ್ಲಿ ಕಾಯಿಲೆಯವರಿಗೆ ಎಣ್ಣೆ ಹಚ್ಚೋ ಮಾತಿದೆಯಲ್ಲ ಅಂತ ಆ ಮನೆಯವರು ವಾದ ಮಾಡ್ತಾರೆ. ಅದಕ್ಕೆ ಏನು ಹೇಳೋದು?

ಹೆಸರು ಬೇಡ · ಮಂಗಳವಾರ ರಾತ್ರಿ 11:50

ಅಂಕಲ್, ಯಾರು ಬರೀತಿರೋದು ಅಂತ ನಿಮಗೆ ಗೊತ್ತಾಗುತ್ತೆ. ಬಾಟಲು ನಿಮ್ಮ ಕೈಗೆ ಕೊಟ್ಟವಳು ನಾನೇ.

ಯಾಕೋಬ 5:14ಕ್ಕೆ ನಾನು ಉತ್ತರ ಹೇಳ್ತೀನಿ. ಅದರಲ್ಲಿ ಎಣ್ಣೆ ಇದೆ. ಎಣ್ಣೆಗಿಂತ ಮೊದಲು ಇನ್ನೊಂದು ಮಾತಿದೆ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಲಿ ಅಂತ. ಅಮ್ಮ ಕರೆಸಿದರು. ಹೋದ ವರ್ಷ ಕಾಲಿಗೆ ಗಾಯ ಆಗಿ ಮಾಯದೆ ಇದ್ದಾಗ ನನ್ನ ಫೋನಿಂದಲೇ ಮೂರು ಸಲ ಹೇಳಿ ಕಳಿಸಿದರು. ಒಂದು ಸಲ ಕಮಿಟಿ ಚುನಾವಣೆ. ಒಂದು ಸಲ ವಾರ್ಷಿಕ ಹಬ್ಬದ ಹರಾಜು. ಮೂರನೇ ಸಲ 'ಬರ್ತೀವಮ್ಮ' ಅಂದಿರಿ. ಫೋನ್ ಎತ್ತಿದ್ದು ನೀವೇ.

ಆ ಬ್ರದರ್ ಕೇಳಿದ ದಿನವೇ ಬಂದರು. ಜಯದೇವ ಸರ್ಕಲ್‌ನಿಂದ ಮಳೆಯಲ್ಲಿ ನೆನೆದುಕೊಂಡು ನಡೆದೇ ಬಂದರು. ಅಮ್ಮನ ಆ ಕಾಲು, ವಾಸನೆ ಬರುತ್ತಿದ್ದ ಕಾಲು, ಅದನ್ನು ಮುಟ್ಟಿ ಪ್ರಾರ್ಥನೆ ಮಾಡಿದರು. ಅಮ್ಮ ಅತ್ತರು. ಆಮೇಲೆ ಕೊಟ್ಟದ್ದೆಲ್ಲ ಸುಳ್ಳು, ಒಪ್ಪುತ್ತೇನೆ. ಆಸ್ಪತ್ರೆ ಬಿಲ್ ಕಟ್ಟಿದವಳು ನಾನು, ನನಗಿಂತ ಸಿಟ್ಟು ಯಾರಿಗಿದೆ? ಆದರೆ ಅವತ್ತು ಮುಟ್ಟಿದ್ದು ಸುಳ್ಳಲ್ಲ. ನಿಮ್ಮ ನಿಯಮದ ಪಟ್ಟಿ ಓದಿದೆ. ಯಾರು ಬರಬಾರದು ಅಂತ ಉದ್ದಕ್ಕೂ ಇದೆ. ಯಾರು ಹೋಗಬೇಕು ಅಂತ ಎಲ್ಲೂ ಇಲ್ಲ.

ಬ್ರದರ್‌ಗೆ ಮನೆ ಕೊಟ್ಟ ಕುಟುಂಬವನ್ನು ತೆಗೆಯಬೇಡಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಆರು ದಿನ ಊಟ ತಂದವರು ಅವರೇ.

ನಿಟ್ಟುವಳ್ಳಿ ಸೆಕ್ರೆಟರಿ · ಬುಧವಾರ ಬೆಳಗ್ಗೆ 5:30

ಓದಿದೆನಮ್ಮ. ಆಮೇಲೆ ಬರೆಯುತ್ತೇನೆ.

ಹಿರಿಯೂರು ಟೈಲರ್ · ಬುಧವಾರ ಬೆಳಗ್ಗೆ 7:45

ನಾನು ಪಾಸ್ಟರ್. ಹೊಟ್ಟೆಪಾಡಿಗೆ ಟೈಲರಿಂಗ್. ಇಪ್ಪತ್ತೆರಡು ಜನರ ಮನೆ ಸಭೆ ನಮ್ಮದು. ನಮಗೆ ಬಿಷಪ್ ಇಲ್ಲ, ಸಿನೊಡ್ (ಸಭೆಗಳ ಮೇಲಿನ ಮಂಡಳಿ) ಇಲ್ಲ. ನಾನೇ ದಾರಿ ತಪ್ಪಿದರೆ ಕೇಳೋರು ಯಾರು ಅನ್ನೋದು ನನ್ನ ದೊಡ್ಡ ಭಯ. ಹೊರಗಿನ ತೋಳದ್ದಲ್ಲ.

ಆ ತಂಗಿ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಮೇಷ್ಟ್ರು ಹೇಳಿದ 20ನೇ ಅಧ್ಯಾಯದಲ್ಲೇ ಇದೆ. ತೋಳದ ಮಾತಿಗೆ ಮುಂಚೆ, 20ನೇ ವಚನದಲ್ಲಿ, ಎಲ್ಲರ ಮುಂದೆಯೂ ಮನೆಮನೆಯಲ್ಲೂ ಕಲಿಸಿದೆ ಅನ್ನುತ್ತಾನೆ ಪೌಲ. ಆಮೇಲೆ, ಯಾರ ಬೆಳ್ಳಿ ಬಂಗಾರ ಬಟ್ಟೆಗೂ ಆಸೆ ಪಡಲಿಲ್ಲ, ಈ ಕೈಗಳೇ ದುಡಿದವು ಅನ್ನುತ್ತಾನೆ. ಆ ವಚನ ಓದಿದಾಗ ನಾನು ನನ್ನ ಬೆರಳು ನೋಡಿಕೊಳ್ತೀನಿ, ಸೂಜಿ ಚುಚ್ಚಿದ ಗುರುತು ಇರುತ್ತೆ.

ಬೀಜ ಕಾಣಿಕೆ ಅಂತ ಹೇಳೋರು ಬಿತ್ತನೆಯ ಮಾತಿರುವ 2 ಕೊರಿಂಥ 9 ಓದ್ತಾರೆ. ಅಲ್ಲಿ ಪೌಲ ದುಡ್ಡು ಕೂಡಿಸ್ತಿದ್ದದ್ದು ತನಗಲ್ಲ, ಯೆರೂಸಲೇಮಿನ ಬಡವರಿಗೆ. ಇನ್ನೊಂದು, ಬಿತ್ತನೆ ಅಂದರೆ ಲಾಟರಿ ಅಂತ ನಮ್ಮ ಜಿಲ್ಲೆಯವರಿಗೆ ಹೇಳೋಕೆ ಹೇಗೆ ಬಾಯಿ ಬರುತ್ತೋ! ಮೆಕ್ಕೆಜೋಳ ಬಿತ್ತಿ ಮಳೆ ಕೈಕೊಟ್ಟವನನ್ನು ಕೇಳಲಿ. ಅವನ ನಂಬಿಕೆ ಕಮ್ಮಿ ಇತ್ತಾ?

ಕಾಯಿಲೆ ಬಗ್ಗೆ ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಒಂದು ವಚನ ಓದಿಸ್ತೀನಿ. 2 ತಿಮೊಥೆಯ 4:20. ಜೊತೆಗಾರ ತ್ರೊಫಿಮನಿಗೆ ಕಾಯಿಲೆ ಇತ್ತು, ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಪೌಲ ಬರೀತಾನೆ. ಅಷ್ಟೇ. ನಂಬಿಕೆ ಸಾಲದು ಅಂತ ಬೈಯೋದಿಲ್ಲ. ಹೊಟ್ಟೆ ಸರಿಯಿಲ್ಲದ ತಿಮೊಥೆಯನಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತಾನೆ. ಜೊತೆಯಲ್ಲಿ ಲೂಕ ಇದ್ದ, ವೈದ್ಯ.

ನಾವು ಮಾಡೋದು ಎರಡೇ. ನನ್ನ ಪ್ರಸಂಗ ಆದ ಮೇಲೆ ಹತ್ತು ನಿಮಿಷ ಯಾರು ಬೇಕಾದರೂ ಬೈಬಲ್ ತೆಗೆದು ಪ್ರಶ್ನೆ ಕೇಳಬಹುದು. ಬೆರೋಯ ಊರಿನವರು ಪೌಲನ ಮಾತನ್ನೇ ಶಾಸ್ತ್ರ ತೆಗೆದು ಪರೀಕ್ಷಿಸಿದರು, ನಾನ್ಯಾವ ಲೆಕ್ಕ. ಒಂದು ಸಲ ಪಿಯುಸಿ ಹುಡುಗಿ ನನ್ನ ತಪ್ಪು ಹಿಡಿದಳು. ಮುಖ ಕೆಂಪಾಯ್ತು. ಮುಂದಿನ ವಾರ ತಿದ್ದಿ ಹೇಳಿದೆ. ಎರಡನೆಯದು, ಕಾಣಿಕೆ ಎಣಿಸೋದು ನಾನಲ್ಲ. ಮುಟ್ಟೋದೂ ಇಲ್ಲ.

ಚಳ್ಳಕೆರೆ ಹುಡುಗ · ಬುಧವಾರ ಬೆಳಗ್ಗೆ 8:20

ಪಾಸ್ಟರ್, ಹಿರಿಯೂರಲ್ಲಿ ನಿಮ್ಮ ಸಭೆ ಎಲ್ಲಿ? ಒಂದು ಭಾನುವಾರ ಬರ್ತೀನಿ. ಡ್ರಮ್ ತರೋದಿಲ್ಲ.

ದುರ್ಗದ ಮೇಷ್ಟ್ರು · ಬುಧವಾರ ಬೆಳಗ್ಗೆ 9:00

ಬೆರೋಯದ ಮಾತು ಬಂತಲ್ಲ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ಜಾನ್ ಹ್ಯಾಂಡ್ಸ್ ಎಂಬುವರು ಇಲ್ಲೇ ಪಕ್ಕದ ಬಳ್ಳಾರಿಯಲ್ಲಿ ಕೂತು ವರ್ಷಗಟ್ಟಲೆ ಆ ಕೆಲಸ ಮಾಡಿದರು. ಓದಿ ನೋಡಲಿ ಅಂತಲೇ ಅಲ್ವಾ ಮಾಡಿದ್ದು. ನಮ್ಮ ಸಭೆಯಲ್ಲಿ ಈಗ ವಚನ ಪರದೆ ಮೇಲೆ ಬರುತ್ತೆ. ಒಂದು ವಚನ ಬರುತ್ತೆ, ಹೋಗುತ್ತೆ. ಹಿಂದಿನದು ಮುಂದಿನದು ಯಾರಿಗೂ ಕಾಣೋದಿಲ್ಲ. ಇದು ಮುದುಕನ ಗೊಣಗಾಟ ಅನ್ನಿ, ಪರವಾಗಿಲ್ಲ.

ಆ ಮಗಳು ಬರೆದದ್ದನ್ನು ಎರಡು ಸಲ ಓದಿದೆ. ಕಿಂಡಿಯ ಕಾವಲುಗಾರ ಊಟಕ್ಕೆ ಹೋಗಿದ್ದ ಅಂತ ನಾನು ಸಲೀಸಾಗಿ ಬರೆದುಬಿಟ್ಟೆ.

ನರ್ಸಕ್ಕ · ಬುಧವಾರ ಮಧ್ಯಾಹ್ನ 3:10

ತಂಗಿ, ಅಮ್ಮನ ಕಾಲು ಈಗ ಹೇಗಿದೆ? ದಿನಾ ಪಾದದ ಅಡಿ ಕನ್ನಡಿ ಇಟ್ಟು ನೋಡು. ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ ಇಡು, ಫ್ರೀಜರ್‌ನಲ್ಲಿ ಬೇಡ. ಏನಾದರೂ ಅನುಮಾನ ಬಂದರೆ ನನಗೆ ಮೆಸೇಜ್ ಹಾಕು, ಸಂಕೋಚ ಮಾಡ್ಕೋಬೇಡ.

ನಿಟ್ಟುವಳ್ಳಿ ಸೆಕ್ರೆಟರಿ · ಮುಂದಿನ ಸೋಮವಾರ ರಾತ್ರಿ 10:20

ಒಂದು ವಾರ ಬರೆಯಲಿಲ್ಲ. ನಾಚಿಕೆ ಒಂದು ಕಡೆ, ಓಡಾಟ ಒಂದು ಕಡೆ.

ಶನಿವಾರ ಕಮಿಟಿ ಸೇರಿತ್ತು. ಪೀಠದ ನಿಯಮ ಪಾಸಾಯಿತು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಮನೆ ಪ್ರಾರ್ಥನೆಗೆ ಹಿರಿಯರು ಹೋಗಬೇಕು ಅಂದಾಗ ಯಾರು, ಯಾವತ್ತು ಅಂತ ಕೇಳಿದೆ. ಎಲ್ಲರೂ ಫ್ಯಾನ್ ನೋಡಿದರು. ಎಂಬತ್ತು ಜನ, ಇಪ್ಪತ್ತಮೂರು ಮನೆ, ಏಳು ಜನ ಹಿರಿಯರು. ಒಬ್ಬೊಬ್ಬರಿಗೆ ಮೂರು ನಾಲ್ಕು ಮನೆ. ಲೆಕ್ಕ ಹಾಕಿದಾಗ ಇಷ್ಟೇನಾ ಅನ್ನಿಸಿತು. ಇಷ್ಟು ವರ್ಷ ಈ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಕೊನೆಗೆ ಒಂದು ಹಾಳೆಯಲ್ಲಿ ಹೆಸರು ಬರೆದು ವೆಸ್ಟ್ರಿಯ (ಆರಾಧನೆಗೆ ಸಜ್ಜಾಗುವ ಕೋಣೆ) ಬಾಗಿಲಿಗೆ ಅಂಟಿಸಿದ್ದೇವೆ.

ಆ ಕುಟುಂಬವನ್ನು ತೆಗೆಯಲಿಲ್ಲ. ಅವರೇ ಇನ್ನೆರಡು ಮನೆಯವರ ಜೊತೆ ಬ್ರದರ್ ಕೂಟಕ್ಕೆ ಹೋಗ್ತೀವಿ ಅಂದಿದ್ದಾರೆ. ಹೋಗುವ ಮುಂಚೆ ಅಯ್ಯನವರು ಅವರ ಮನೆಗೆ ಹೋಗಿ ಕಾಫಿ ಕುಡಿದು ಬಂದರು. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ಬ್ರದರ್‌ನ್ನು ನಾನೇ ಭೇಟಿ ಮಾಡಿದೆ. ಎಣ್ಣೆ ಬಗ್ಗೆ ಕೇಳಿದರೆ 'ಆಕೆಯ ನಂಬಿಕೆಯಲ್ಲಿ ಕೊರತೆ ಇತ್ತು' ಅಂದರು. ನನಗೆ ಇದ್ದಬದ್ದ ಅನುಮಾನ ಅಲ್ಲಿಗೆ ಹೋಯಿತು. ಕೀಬೋರ್ಡು, ಸ್ಪೀಕರ್ ಗೂಡ್ಸ್ ಆಟೋಗೆ ಹಾಕಿ ಕಳಿಸಿದೆವು. ಕೀಬೋರ್ಡಿನ ಕವರ್ ಒಂದು ಹುಡುಕಿದರೂ ಸಿಗಲಿಲ್ಲ, ಹೊಸದು ತಂದು ಹಾಕಿ ಕೊಟ್ಟೆವು. ನಿನ್ನೆ ಹಳೇ ಹಾರ್ಮೋನಿಯಂ ಇಳಿಸಿ ಹಾಡಿದ್ದು. ಅದರ ಎರಡು ಕೀ ಒತ್ತಿದರೆ ಏಳೋದಿಲ್ಲ.

ಆಂಟಿ ಮನೆ ನನ್ನ ಪಾಲಿಗೇ ಹಾಕಿಸಿಕೊಂಡೆ. ಕಮಿಟಿಗೆ ಮುಂಚೆಯೇ ಗುರುವಾರ ಹೋಗಿದ್ದೆ. ತಡವಾಗಿ ಬಂದೆ ಅಂತ ಹೇಳಬೇಕು ಅಂದುಕೊಂಡು ಹೋಗಿದ್ದೆ, ಅವರು ಮೊದಲು ಮಂಡಕ್ಕಿ ತಂದಿಟ್ಟರು. ಸಕ್ಕರೆ ಇಲ್ಲದ ಚಹಾ ನನಗೂ ಕೊಟ್ಟರು. ಆಮೇಲೆ ಕಾಲು ಚಾಚಿದರು. ಹೆಬ್ಬೆರಳ ಹತ್ತಿರ ಇನ್ನೂ ಪಟ್ಟಿ ಇದೆ. ಏನು ಪ್ರಾರ್ಥನೆ ಮಾಡಬೇಕು ಅಂತ ತೋಚಲಿಲ್ಲ. ಕರ್ತನ ಪ್ರಾರ್ಥನೆ ಹೇಳಿದೆ, ಅವರೂ ಜೊತೆಗೆ ಹೇಳಿದರು.

ಸಂಜೆ ಇನ್ಸುಲಿನ್ ಹೊತ್ತಾಯಿತು. ಮಗಳು ಇನ್ನೂ ಕೆಲಸದಿಂದ ಬಂದಿರಲಿಲ್ಲ, ತೆಗೆದುಕೊಡಪ್ಪಾ ಅಂದರು. ಫ್ರಿಜ್ಜಿನ ಬಾಗಿಲು ತೆರೆದರೆ ಇನ್ಸುಲಿನ್ ಪಕ್ಕದಲ್ಲೇ ಆ ಬಾಟಲು. ಎಣ್ಣೆ ಗಟ್ಟಿಯಾಗಿ ಬೆಳ್ಳಗಾಗಿತ್ತು. ಬಿಸಾಡಿ ಅಂತ ಬಾಯಿಗೆ ಬಂತು, ಹೇಳಲಿಲ್ಲ. ಇನ್ಸುಲಿನ್ ತೆಗೆದುಕೊಟ್ಟೆ. ಈ ಗುರುವಾರ ಮತ್ತೆ ಹೋಗಬೇಕು.